ಬಿಟ್ಟುಹೋದ ಆಟಗಾರನ ದುಡ್ಡು ತಂಡದ ಲೆಕ್ಕದಲ್ಲಿ ಯಾಕೆ ಉಳಿಯುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವರು. ಒಂಬತ್ತು ವರ್ಷದಿಂದ ಅಮೆರಿಕದಲ್ಲಿ, ಡೆನ್ವರ್ ಪಕ್ಕದ ಅರೋರಾದಲ್ಲಿದ್ದೇವೆ. ಮಗನಿಗೆ ಈಗ ಹನ್ನೆರಡು ವರ್ಷ. ಅವನಿಂದ ನನಗೂ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಹುಚ್ಚು ಹತ್ತಿದೆ. ಡೆನ್ವರ್ ಬ್ರಾಂಕೋಸ್ ನಮ್ಮ ತಂಡ. ಆಟ ಅರ್ಥವಾಗುತ್ತದೆ. ಸೀಸನ್ ಮುಗಿದ ಮೇಲೆ ನಡೆಯುವ ದುಡ್ಡಿನ ಲೆಕ್ಕ ಮಾತ್ರ ತಲೆಗೆ ಹತ್ತುವುದಿಲ್ಲ. 2024ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವರು) ರಸೆಲ್ ವಿಲ್ಸನ್ ಅವರನ್ನು ಬಿಟ್ಟರು. 85 ಮಿಲಿಯನ್ ಡಾಲರ್ 'ಡೆಡ್ ಮನಿ' ಅಂತ ಸುದ್ದಿ ಬಂತು. ಅವರು ಪಿಟ್ಸ್‌ಬರ್ಗ್‌ಗೆ ಹೋಗಿ ಆಡಿದರು, ಸಂಬಳ ಕೊಟ್ಟಿದ್ದು ಡೆನ್ವರ್! ಅದೇ ವಾರ ಮಗನ ಮೆಚ್ಚಿನ ಜಸ್ಟಿನ್ ಸಿಮನ್ಸ್ ಅವರನ್ನೂ ಬಿಟ್ಟರು. ಅವನು 31ನೇ ನಂಬರಿನ ಜೆರ್ಸಿ ಮಡಚಿ ಕಪಾಟಿನಲ್ಲಿಟ್ಟವನು ಮತ್ತೆ ಹಾಕಲಿಲ್ಲ. ಆಫೀಸಿನಲ್ಲಿ ಒಬ್ಬರು 'ಸ್ಯಾಲರಿ ಕ್ಯಾಪ್ ಅನ್ನೋದೇ ಸುಳ್ಳು, ನ್ಯೂ ಆರ್ಲಿಯನ್ಸ್‌ನವರನ್ನು ನೋಡಿ' ಅನ್ನುತ್ತಾರೆ. ಇನ್ನೊಬ್ಬರು 'ಇಷ್ಟು ಡೆಡ್ ಮನಿ ಇದ್ದರೆ ಐದು ವರ್ಷ ಮೇಲೇಳಲ್ಲ' ಅನ್ನುತ್ತಾರೆ. ಯಾರು ಸರಿ? ಒಳ್ಳೆಯ ಆಟಗಾರನನ್ನು ಬಿಡದೆ ಬೇರೆ ದಾರಿಯೇ ಇರಲಿಲ್ಲವಾ?

ಉತ್ತರ: ನಮಸ್ಕಾರ. ನಾನು ಆಟಗಾರರ ಏಜೆಂಟರ ಕಡೆ ಕೂತು ಒಪ್ಪಂದಗಳ ಲೆಕ್ಕ ನೋಡುವವನು. ತಂಡಗಳ ಆಫೀಸಿನ ಆ ಬದಿ ನಾನು ಕೂತಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಇಬ್ಬರ ಮುಂದೆಯೂ ಇರುವುದು ಒಂದೇ ಹಾಳೆ: ಆಟಗಾರನ ಹೆಸರು, ಈ ವರ್ಷದ ಸಂಬಳ, ಹಳೆಯ ಬೋನಸ್‌ನಲ್ಲಿ ಉಳಿದ ಕಂತು, ಗ್ಯಾರಂಟಿ ಇರುವ (ಬಿಟ್ಟರೂ ಕೊಡಲೇಬೇಕಾದ) ದುಡ್ಡು, ಆ ಗ್ಯಾರಂಟಿ ಶುರುವಾಗುವ ತಾರೀಕು. ನಿಮ್ಮ ಪ್ರಶ್ನೆಗೆ ಉತ್ತರ ಈ ಐದು ಕಾಲಂಗಳಲ್ಲೇ ಇದೆ.

ನಿಮ್ಮ ಗೊಂದಲ ನ್ಯಾಯವಾದದ್ದೇ. ಆಡದವನಿಗೆ ದುಡ್ಡು, ಆಡುವವನಿಗೆ ಬಾಗಿಲು! ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ನಿಮ್ಮ ಸಹೋದ್ಯೋಗಿಗಳಲ್ಲಿ ಇಬ್ಬರೂ ಸರಿಯಲ್ಲ. ಇಬ್ಬರೂ ಅರ್ಧ ಕಂಡಿದ್ದಾರೆ.

ಮೊದಲು ಕ್ಯಾಪ್ ಸುಳ್ಳು ಅನ್ನುವ ಮಾತು ನೋಡೋಣ. ಸುಳ್ಳಲ್ಲ. ಒಂದು ತಂಡದ ಲೆಕ್ಕದಲ್ಲಿ ಆಟಗಾರರ ಸಂಬಳಕ್ಕೆ ವರ್ಷಕ್ಕೆ ಇಷ್ಟೇ ಅಂತ 1994ರಲ್ಲಿ 34.6 ಮಿಲಿಯನ್ ಡಾಲರ್‌ನಿಂದ ಶುರುವಾದ ಮಿತಿ ಇದು. 2024ರಲ್ಲಿ 255.4 ಮಿಲಿಯನ್, 2025ರಲ್ಲಿ 279.2 ಮಿಲಿಯನ್. ಲೀಗ್‌ನ ಆದಾಯ ಬೆಳೆದ ಹಾಗೆ ಬೆಳೆಯುತ್ತದೆ. 32 ತಂಡಗಳಿಗೂ ಒಂದೇ ಮಿತಿ. ಬಾಸ್ಕೆಟ್‌ಬಾಲ್‌ನ ಎನ್‌ಬಿಎ ತರಹ ಮಿತಿ ದಾಟಿ, ತೆರಿಗೆ ಕಟ್ಟಿ ಮುಂದೆ ಹೋಗುವ ಅವಕಾಶ ಇಲ್ಲಿಲ್ಲ. ಮಾರ್ಚ್ ಮಧ್ಯದಲ್ಲಿ ಲೀಗ್‌ನ ಹೊಸ ವರ್ಷ ಶುರುವಾಗುವ ಹೊತ್ತಿಗೆ ಪ್ರತಿ ತಂಡವೂ ಮಿತಿಯ ಒಳಗೆ ಇರಲೇಬೇಕು. ಮಿತಿ ಮೀರಿಸುವ ಒಪ್ಪಂದ ಕಳಿಸಿದರೆ ಲೀಗ್ ಒಪ್ಪುವುದಿಲ್ಲ.

ಹಾಗಾದರೆ ಸುಳ್ಳು ಅಂತ ಯಾಕೆ ಅನ್ನಿಸುತ್ತದೆ? ದುಡ್ಡು ಕೈಯಿಂದ ಹೋಗುವ ದಿನವೇ ಬೇರೆ, ಲೆಕ್ಕಕ್ಕೆ ಬರುವ ವರ್ಷವೇ ಬೇರೆ. ಐಪಿಎಲ್ ನೋಡುವವರಿಗೆ ಇದು ಹೊಸದು ಅನ್ನಿಸುತ್ತದೆ. 2025ರ ಸೀಸನ್‌ಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಪರ್ಸ್ ಇತ್ತು. ಆರ್‌ಸಿಬಿ ವಿರಾಟ್ ಕೊಹ್ಲಿ ಅವರನ್ನು 21 ಕೋಟಿಗೆ ಉಳಿಸಿಕೊಂಡಿತು. ಆ 21 ಕೋಟಿ ಅದೇ ಸೀಸನ್‌ನ ಪರ್ಸ್‌ನಿಂದಲೇ ಹೋಯಿತು. ಮುಂದಿನ ಮೂರು ವರ್ಷಕ್ಕೆ ಹಂಚಿ ಬರೆಯುತ್ತೇವೆ ಅನ್ನುವ ಹಾಗಿಲ್ಲ. ಎನ್‌ಎಫ್‌ಎಲ್‌ನಲ್ಲಿ ಹಂಚಬಹುದು. ಮಾಮೂಲಿ ಸಂಬಳ ಆಯಾ ವರ್ಷಕ್ಕೆ ಬರುತ್ತದೆ. ಸಹಿ ಹಾಕಿದಾಗ ಕೊಡುವ ಸೈನಿಂಗ್ ಬೋನಸ್ ಮಾತ್ರ ಒಪ್ಪಂದದ ವರ್ಷಗಳಿಗೆ ಸಮವಾಗಿ ಹಂಚಿಕೊಳ್ಳುತ್ತದೆ, ಜಾಸ್ತಿ ಅಂದರೆ ಐದು ವರ್ಷಕ್ಕೆ. ಆಟಗಾರನ ಕೈಗೆ ದುಡ್ಡು ಬೇಗ ಸೇರುತ್ತದೆ, ತಂಡದ ಲೆಕ್ಕದಲ್ಲಿ ಮಾತ್ರ ಕಂತು ಕಂತಾಗಿ ಏರುತ್ತದೆ. ಆಟಗಾರನನ್ನು ಮಧ್ಯದಲ್ಲಿ ಬಿಟ್ಟರೆ ಉಳಿದ ಕಂತೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಅದಕ್ಕೇ ಡೆಡ್ ಮನಿ ಅನ್ನುವುದು.

ಈಗ ವಿಲ್ಸನ್ ಅವರ 85 ಮಿಲಿಯನ್ ಬಿಡಿಸೋಣ. ಪತ್ರಿಕೆಯಲ್ಲಿ ಒಂದೇ ಗುಡ್ಡೆಯಾಗಿ ಬಂದ ಸಂಖ್ಯೆ ಅದು. ಒಳಗೆ ಮೂರು ತುಂಡುಗಳಿವೆ.

2022ರ ಮಾರ್ಚ್‌ನಲ್ಲಿ ಡೆನ್ವರ್ ಅವರನ್ನು ಸಿಯಾಟಲ್‌ನಿಂದ ತಂದಿತು. ಅದಕ್ಕೆ ಎರಡು ಮೊದಲ ಸುತ್ತಿನ, ಎರಡು ಎರಡನೇ ಸುತ್ತಿನ ಡ್ರಾಫ್ಟ್ (ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವ) ಅವಕಾಶಗಳನ್ನೂ ಮೂವರು ಆಟಗಾರರನ್ನೂ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ, ಡೆನ್ವರ್ ಪರ ಒಂದು ಪಂದ್ಯವನ್ನೂ ಆಡುವ ಮೊದಲೇ, ಹೊಸ ಐದು ವರ್ಷದ ದೊಡ್ಡ ಒಪ್ಪಂದ ಆಯಿತು. ಆಗ 50 ಮಿಲಿಯನ್ ಸೈನಿಂಗ್ ಬೋನಸ್. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 10. ಎರಡು ವರ್ಷ ಕಳೆದಿತ್ತು, ಮೂರು ಕಂತು ಉಳಿದಿತ್ತು: 30. 2023ರಲ್ಲಿ ಇನ್ನೊಂದು 20 ಮಿಲಿಯನ್ ಬೋನಸ್ ಸೇರಿತು. ಅದು ವರ್ಷಕ್ಕೆ 4, ನಾಲ್ಕು ಕಂತು ಉಳಿದಿತ್ತು: 16. ಮೂರನೆಯದು 2024ಕ್ಕೆ ಗ್ಯಾರಂಟಿ ಕೊಟ್ಟಿದ್ದ 39. ಮೂವತ್ತು, ಹದಿನಾರು, ಮೂವತ್ತೊಂಬತ್ತು ಕೂಡಿಸಿದರೆ ಎಂಬತ್ತೈದು.

ಇದರಲ್ಲಿ 46 ಮಿಲಿಯನ್ ಡೆನ್ವರ್ ಯಾವಾಗಲೋ ಕೊಟ್ಟು ಮುಗಿಸಿದ ದುಡ್ಡು. ಬ್ಯಾಂಕ್ ಖಾತೆಯಿಂದ ಹೋಗಿದೆ, ಕ್ಯಾಪ್ ಪುಸ್ತಕದಲ್ಲಿ ಮಾತ್ರ ಬರೆಯಬೇಕಿತ್ತು. ಹೊಸದಾಗಿ ಕೊಡಬೇಕಾದದ್ದು ಆ 39 ಮಾತ್ರ. ಅದರಲ್ಲೂ ಬೇರೆ ತಂಡ ಕೊಡುವಷ್ಟನ್ನು ಕಳೆದುಕೊಳ್ಳುವ ಷರತ್ತು ಇತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಇದು ಗೊತ್ತಿತ್ತು, ವಿಲ್ಸನ್ ಅವರಿಗೂ ಗೊತ್ತಿತ್ತು. ಪಿಟ್ಸ್‌ಬರ್ಗ್ ಎಷ್ಟೇ ಕೊಟ್ಟರೂ, 39 ದಾಟುವವರೆಗೆ ಅವರ ಜೇಬಿಗೆ ಒಂದು ಡಾಲರೂ ಜಾಸ್ತಿ ಬರುತ್ತಿರಲಿಲ್ಲ. ಅದಕ್ಕೇ ಅವರು ಅಲ್ಲಿ ಕನಿಷ್ಠ ಸಂಬಳಕ್ಕೆ, 1.21 ಮಿಲಿಯನ್‌ಗೆ ಸಹಿ ಹಾಕಿದರು. ಉಳಿದ 37.79 ಡೆನ್ವರ್ ತಲೆ ಮೇಲೆ. ನಿಮಗೆ ವಿಚಿತ್ರ ಅನ್ನಿಸಿದ ಸಂಗತಿ ಇದೇ ಅಲ್ವಾ? ಯಾರೂ ಮೋಸ ಮಾಡಿಲ್ಲ, ಒಪ್ಪಂದದಲ್ಲಿ ಬರೆದದ್ದು ಬರೆದ ಹಾಗೇ ನಡೆಯಿತು.

ಈ 85 ಒಂದೇ ವರ್ಷಕ್ಕೆ ಬಿದ್ದಿದ್ದರೆ ಕ್ಯಾಪ್‌ನ ಮೂರನೇ ಒಂದು ಭಾಗವನ್ನೇ ನುಂಗಿಬಿಡುತ್ತಿತ್ತು. ಅಲ್ಲಿ ಜೂನ್ 1ರ ನಿಯಮ ಸಹಾಯಕ್ಕೆ ಬರುತ್ತದೆ. ಆ ದಿನದ ನಂತರ ಬಿಟ್ಟರೆ ಈ ವರ್ಷದ ಕಂತು ಮಾತ್ರ ಈ ವರ್ಷಕ್ಕೆ, ಮಿಕ್ಕದ್ದು ಮುಂದಿನ ವರ್ಷಕ್ಕೆ. ಮಾರ್ಚ್‌ನಲ್ಲೇ ಬಿಟ್ಟು ಜೂನ್‌ನಲ್ಲಿ ಬಿಟ್ಟ ಹಾಗೆ ಲೆಕ್ಕ ಹಾಕಿ ಅಂತ ಕೇಳುವ ಅವಕಾಶವೂ ಇದೆ, ವರ್ಷಕ್ಕೆ ಇಬ್ಬರಿಗೆ ಮಾತ್ರ. ಡೆನ್ವರ್ ಅದನ್ನೇ ಮಾಡಿತು. 2024ಕ್ಕೆ 53 ಮಿಲಿಯನ್, 2025ಕ್ಕೆ 32. ಇದಕ್ಕೂ ಒಂದು ಬೆಲೆ ಇದೆ. ಹೀಗೆ ಉಳಿಸಿದ ಜಾಗ ಜೂನ್ ಬರುವವರೆಗೆ ಕೈಗೆ ಸಿಗುವುದಿಲ್ಲ. ಒಳ್ಳೆಯ ಆಟಗಾರರೆಲ್ಲ ಮಾರ್ಚ್‌ನಲ್ಲೇ ಸಹಿ ಹಾಕಿ ಮುಗಿಸಿರುತ್ತಾರೆ.

ಇಲ್ಲಿ ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ನನ್ನ ಪ್ರಕಾರ ಅದೇ ಮುಖ್ಯ. ವಿಲ್ಸನ್ ತಂಡದಲ್ಲೇ ಉಳಿದಿದ್ದರೆ 2024ರಲ್ಲಿ ಅವರ ಕ್ಯಾಪ್ ಲೆಕ್ಕ 35.4 ಮಿಲಿಯನ್ ಆಗುತ್ತಿತ್ತು. ಬಿಟ್ಟಿದ್ದಕ್ಕೆ 53 ಆಯಿತು. ಅಂದರೆ ಆ ವರ್ಷದ ಮಟ್ಟಿಗೆ ಬಿಡುವುದೇ ದುಬಾರಿ! ಆದರೂ ಯಾಕೆ ಬಿಟ್ಟರು? ಐದನೇ ಕಾಲಂ ನೋಡಿ, ತಾರೀಕಿನದು. 2024ರ ಲೀಗ್ ವರ್ಷ ಶುರುವಾದ ಐದನೇ ದಿನ, ಮಾರ್ಚ್ 17ಕ್ಕೆ, ಅವರು ತಂಡದಲ್ಲಿದ್ದರೆ 2025ರ 37 ಮಿಲಿಯನ್ ಸಂಬಳಕ್ಕೂ ಪೂರ್ತಿ ಗ್ಯಾರಂಟಿ ಸಿಗುತ್ತಿತ್ತು. ಗಾಯವಾದರೂ ಆ ದುಡ್ಡು ಕೊಡಲೇಬೇಕಾಗಿತ್ತು. 2023ರ ಕೊನೆಯ ಎರಡು ಪಂದ್ಯಗಳಿಗೆ ಅವರನ್ನು ಕೂರಿಸಿ ಜ್ಯಾರೆಟ್ ಸ್ಟಿಡಮ್ ಅವರನ್ನು ಆಡಿಸಿದ್ದು ನೆನಪಿದೆಯಾ? ಆಟದ ಕಾರಣ ಏನೇ ಇರಲಿ, ಆ 37 ಮಿಲಿಯನ್ ಎಲ್ಲರಿಗೂ ಗೊತ್ತಿತ್ತು. ಎರಡು ಸೀಸನ್‌ನಲ್ಲಿ ವಿಲ್ಸನ್ ಶುರು ಮಾಡಿದ 30 ಪಂದ್ಯಗಳಲ್ಲಿ ಡೆನ್ವರ್ ಗೆದ್ದದ್ದು 11. ಮೂರನೇ ವರ್ಷಕ್ಕೆ ಇನ್ನೂ 37 ಕಟ್ಟಿಕೊಳ್ಳುವ ಬದಲು ಆಗಿರುವ ನಷ್ಟವನ್ನು ಒಪ್ಪಿಕೊಂಡರು.

ಈಗ ಐದು ವರ್ಷ ಮೇಲೇಳಲ್ಲ ಅನ್ನುವವರ ಮಾತು. 2024ರಲ್ಲಿ ಕ್ಯಾಪ್‌ನ ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ದುಡ್ಡು, ಡೆನ್ವರ್‌ನಲ್ಲೇ ಇಲ್ಲದ ಒಬ್ಬ ಆಟಗಾರನ ಹೆಸರಲ್ಲಿ ಕೂತಿತ್ತು. ಅದೇ ವರ್ಷ ತಂಡ 10 ಗೆದ್ದು 7 ಸೋತು ಪ್ಲೇಆಫ್‌ಗೆ ಹೋಯಿತು, ಸೂಪರ್ ಬೌಲ್, ಅಂದರೆ ಫೈನಲ್, ಗೆದ್ದ 2015ರ ಸೀಸನ್ ಆದ ಮೇಲೆ ಮೊದಲ ಸಲ. ನೀವೇ ನೋಡಿದ್ದೀರಿ. ಅದು ಸಾಧ್ಯವಾದದ್ದು ಹೊಸ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಅವರಿಂದ. ಡ್ರಾಫ್ಟ್‌ನಲ್ಲಿ ಬರುವ ಹೊಸಬರ ಸಂಬಳ ಅವರು ಎಷ್ಟನೆಯವರಾಗಿ ಬಂದರು ಅನ್ನುವುದರ ಮೇಲೆ ಮೊದಲೇ ಹೆಚ್ಚು ಕಡಿಮೆ ನಿಗದಿಯಾಗಿರುತ್ತದೆ. 12ನೆಯವರಾಗಿ ಬಂದ ನಿಕ್ಸ್ ಅವರದು ನಾಲ್ಕು ವರ್ಷಕ್ಕೆ ಸುಮಾರು 18.6 ಮಿಲಿಯನ್. ವರ್ಷಕ್ಕಲ್ಲ, ನಾಲ್ಕು ವರ್ಷಕ್ಕೆ! ಅದೇ 2024ರಲ್ಲಿ ಡ್ಯಾಲಸ್‌ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ವರ್ಷಕ್ಕೆ 60 ಮಿಲಿಯನ್ ಲೆಕ್ಕದಲ್ಲಿ ಸಹಿ ಹಾಕಿದರು. ಈ ವ್ಯತ್ಯಾಸದ ಜಾಗದಲ್ಲಿ ವಿಲ್ಸನ್ ಅವರ ಹಳೆ ಕಂತು ಕೂತಿತು. ಹಾಗಾಗಿ ಡೆಡ್ ಮನಿ ಎಷ್ಟು ಅಂತ ಕೇಳಿದರೆ ಸಾಲದು. ಆಗ ಕ್ವಾರ್ಟರ್‌ಬ್ಯಾಕ್‌ಗೆ ಎಷ್ಟು ಹೋಗುತ್ತಿದೆ ಅಂತಲೂ ಕೇಳಬೇಕು.

ಇನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್. ಅವರು ಮಾಡುವುದಕ್ಕೆ ರೀಸ್ಟ್ರಕ್ಚರ್ ಅನ್ನುತ್ತಾರೆ. ಎಲ್ಲ ತಂಡಗಳೂ ಮಾಡುತ್ತವೆ, ಅವರು ವರ್ಷ ವರ್ಷವೂ, ತುಂಬಾ ಜನರಿಗೆ ಮಾಡಿದರು. ಒಂದು ಸುಮ್ನೆ ಉದಾಹರಣೆ. ಒಬ್ಬನ ಈ ವರ್ಷದ ಸಂಬಳ 20 ಮಿಲಿಯನ್, ಒಪ್ಪಂದ ಇನ್ನು ಮೂರು ವರ್ಷ ಇದೆ. ಅದರಲ್ಲಿ 18ನ್ನು ಬೋನಸ್ ಅಂತ ಹೆಸರು ಬದಲಿಸಿ ಇವತ್ತೇ ಕೊಟ್ಟುಬಿಡುತ್ತಾರೆ. ಐದು ವರ್ಷಕ್ಕೆ ಹಂಚಬೇಕು, ಆದರೆ ಮೂರೇ ವರ್ಷ ಇದೆ. ಅದಕ್ಕೆ ಕೊನೆಗೆ ಎರಡು ಖಾಲಿ ವರ್ಷ ಸೇರಿಸುತ್ತಾರೆ. ಆ ವರ್ಷಗಳಲ್ಲಿ ಅವನು ಆಡುವುದಿಲ್ಲ, ಲೆಕ್ಕ ಹಂಚುವುದಕ್ಕಷ್ಟೇ ಅವು ಇರುತ್ತವೆ. ವಾಯ್ಡ್ ಇಯರ್ ಅಂತ ನೀವು ಕೇಳಿರುವುದು ಇದನ್ನೇ. ಈಗ ವರ್ಷಕ್ಕೆ 3.6. ಈ ವರ್ಷದ ಲೆಕ್ಕ 20ರಿಂದ 5.6ಕ್ಕೆ ಇಳಿಯಿತು. 14.4 ಮಿಲಿಯನ್ ಜಾಗ ಸಿಕ್ಕಿತು. ಆಟಗಾರನಿಗೂ ಖುಷಿ, ಸೀಸನ್ ಶುರುವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬರಬೇಕಿದ್ದ ದುಡ್ಡು ಮಾರ್ಚ್‌ನಲ್ಲೇ ಬಂತು. ನಮ್ಮ ಕಡೆಯಿಂದ ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಆದರೆ ಆ 14.4 ಎಲ್ಲೂ ಹೋಗಿಲ್ಲ. ಅವನು ಮುಂದಿನ ವರ್ಷ ಗಾಯಗೊಂಡರೂ, ಕಾಲಿನ ವೇಗ ಕಡಿಮೆಯಾದರೂ, ನಿವೃತ್ತನಾದರೂ ಲೆಕ್ಕಕ್ಕೆ ಬಂದೇ ಬರುತ್ತದೆ. ಮೂರು ವರ್ಷ ಚೆನ್ನಾಗಿ ಆಡಿ ಹೋದರೂ ನಾಲ್ಕನೇ ವರ್ಷ 7.2 ಬಂದು ಬೀಳುತ್ತದೆ. ಅದಕ್ಕೇ ನಾನು ಯಾವ ಒಪ್ಪಂದ ಕೈಗೆ ಬಂದರೂ ಒಂದೇ ಪ್ರಶ್ನೆ ಕೇಳಿಕೊಳ್ಳುವುದು: ಕೊನೆಯ ಕಂತು ಬರುವ ವರ್ಷ ಈ ಮನುಷ್ಯ ಮೈದಾನದಲ್ಲಿ ಇರುತ್ತಾನಾ? ಇಪ್ಪತ್ನಾಲ್ಕು ವರ್ಷದವನ ಮೇಲೆ ಹಂಚುವುದೂ ಮೂವತ್ನಾಲ್ಕರವನ ಮೇಲೆ ಹಂಚುವುದೂ ಹಾಳೆಯ ಮೇಲೆ ಒಂದೇ ತರಹ ಕಾಣುತ್ತದೆ. ಒಂದೇ ಅಲ್ಲ. ಸೇಂಟ್ಸ್ 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಅವರಿಗೆ ನಾಲ್ಕು ವರ್ಷದ 150 ಮಿಲಿಯನ್ ಒಪ್ಪಂದ ಕೊಟ್ಟರು. 2025ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಅವರ ಸಂಬಳ ಹಂಚಿ ಬರೆದರು. ಮೇ ತಿಂಗಳಲ್ಲಿ ಅವರು ಭುಜದ ಗಾಯದಿಂದ ನಿವೃತ್ತರಾದರು. 2021ರಿಂದ 2024ರವರೆಗೆ ನಾಲ್ಕು ಸೀಸನ್ ಆ ತಂಡ ಪ್ಲೇಆಫ್ ಮುಟ್ಟಲಿಲ್ಲ. ಕ್ಯಾಪ್ ಸುಳ್ಳಾಗಿದ್ದರೆ ಹೀಗಾಗಬಾರದಿತ್ತು.

ಮುಂದೆ ತಳ್ಳುವವರು ಇನ್ನೊಂದು ನಂಬಿಕೆ ಇಟ್ಟುಕೊಂಡಿರುತ್ತಾರೆ, ಕ್ಯಾಪ್ ಹೇಗೂ ಬೆಳೆಯುತ್ತದೆ ಅಂತ. ಬಹುತೇಕ ಅದು ನಿಜವೇ. 2022ರಲ್ಲಿ 208.2 ಇದ್ದದ್ದು ಮೂರು ವರ್ಷದಲ್ಲಿ 279.2 ಆಯಿತು. ವಿಲ್ಸನ್ ಅವರ ಕೊನೆಯ 32 ಮಿಲಿಯನ್ 2025ರಲ್ಲಿ ಅಷ್ಟು ಭಾರ ಅನ್ನಿಸದೆ ಇದ್ದದ್ದಕ್ಕೆ ಇದೂ ಕಾರಣ. ಆದರೆ ಕೋವಿಡ್‌ನಲ್ಲಿ ಸ್ಟೇಡಿಯಂ ಖಾಲಿ ಬಿದ್ದಾಗ 198.2ರಿಂದ 182.5ಕ್ಕೆ ಇಳಿದದ್ದೂ ಇದೇ ಕ್ಯಾಪ್. 2021ರ ಆ ಮಾರ್ಚ್ ನನಗೆ ಚೆನ್ನಾಗಿ ನೆನಪಿದೆ. ತಂಡದಲ್ಲಿ ಉಳಿಯುತ್ತೇವೆ ಅಂದುಕೊಂಡಿದ್ದ ಮೂವತ್ತು ದಾಟಿದ ಆಟಗಾರರು ಸಾಲಾಗಿ ಹೊರಗೆ ಬಿದ್ದರು. ಬೆಳಿಗ್ಗೆಯಿಂದ ರಾತ್ರಿವರೆಗೆ ಫೋನ್ ಕೆಳಗಿಡಲಿಲ್ಲ.

ಇನ್ನು ಸಿಮನ್ಸ್. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಭಾಗ ಇದು.

ವಿಲ್ಸನ್ ಕತೆಗೆ ಇದು ಪೂರ್ತಿ ಉಲ್ಟಾ. ಸಿಮನ್ಸ್ 2016ರಲ್ಲಿ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಡೆನ್ವರ್‌ಗೆ ಬಂದು ಎಂಟು ಸೀಸನ್ ಅಲ್ಲೇ ಆಡಿದವರು. 2024 ಅವರ ಒಪ್ಪಂದದ ಕೊನೆಯ ವರ್ಷ. ಕ್ಯಾಪ್ ಲೆಕ್ಕ 18.25 ಮಿಲಿಯನ್. ಅದರಲ್ಲಿ ಹಳೆಯ ಬೋನಸ್ ಕಂತು 3.75 ಮಾತ್ರ, ಮಿಕ್ಕ 14.5ಕ್ಕೆ ಗ್ಯಾರಂಟಿ ಇರಲಿಲ್ಲ. ಬಿಟ್ಟರೆ 14.5 ಉಳಿಯುತ್ತದೆ. ವಿಲ್ಸನ್ ಅವರ 53 ತುಂಬಿಸಬೇಕಾದ ವರ್ಷದಲ್ಲಿ ಈ ಸಾಲು ಎಲ್ಲರ ಕಣ್ಣಿಗೂ ಮೊದಲು ಬೀಳುವ ಸಾಲು. ಕೆಟ್ಟದಾಗಿ ಆಡಿದ್ದಕ್ಕೆ ಅವರು ಹೋಗಲಿಲ್ಲ. ಅವರ ಒಪ್ಪಂದದಿಂದ ಸುಲಭವಾಗಿ ಹೊರಬರಬಹುದಿತ್ತು, ವಿಲ್ಸನ್ ಒಪ್ಪಂದದಿಂದ ಆಗುತ್ತಿರಲಿಲ್ಲ. ಮಾರ್ಚ್‌ನಲ್ಲಿ ನಡೆಯುವ ಎಷ್ಟೋ ಬಿಡುಗಡೆಗಳ ಕತೆ ಇಷ್ಟೇ.

ಬೇರೆ ದಾರಿ ಇರಲಿಲ್ಲವಾ ಅಂದಿರಿ. ಇತ್ತು. ಸಂಬಳ ಕಡಿಮೆ ಮಾಡಿಕೊಳ್ಳಿ ಅಂತ ಕೇಳಬಹುದು. ಎಂಟು ವರ್ಷ ದುಡಿದವರಿಗೆ ಅದು ನೋಯುತ್ತದೆ, ಎಷ್ಟೋ ಜನ ಬೇಡ, ಬಿಟ್ಟುಬಿಡಿ ಅನ್ನುತ್ತಾರೆ. ಒಪ್ಪಂದ ಮುಂದುವರಿಸಿ ದುಡ್ಡನ್ನು ಹಂಚಬಹುದು. ಆದರೆ ಸಿಮನ್ಸ್ ತರಹ ಮೂವತ್ತರ ಸೇಫ್ಟಿ (ರಕ್ಷಣೆಯ ಕೊನೆಯ ಸಾಲಿನ) ಆಟಗಾರನ ಮೇಲೆ ಹೊಸ ಕಂತು ಹೊರಿಸಿದರೆ ಎರಡು ವರ್ಷದಲ್ಲಿ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಬೇರೆ ತಂಡಕ್ಕೆ ಟ್ರೇಡ್ ಮಾಡಬಹುದು, 14.5 ಕೊಡುವ ತಂಡ ಸಿಗಬೇಕಷ್ಟೆ. ಕ್ಯಾನ್ಸಸ್ ಸಿಟಿ 2022ರಲ್ಲಿ ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಕೊಟ್ಟು ಐದು ಡ್ರಾಫ್ಟ್ ಅವಕಾಶ ತೆಗೆದುಕೊಂಡಿತು, ಮುಂದಿನ ಎರಡೂ ಸೂಪರ್ ಬೌಲ್ ಗೆದ್ದಿತು. ಆದರೆ ಹಿಲ್ ಆಗ ಲೀಗ್‌ನಲ್ಲೇ ಅತ್ಯಂತ ವೇಗದವರಲ್ಲೊಬ್ಬರು, 28 ವರ್ಷ. ಎಲ್ಲರಿಗೂ ಆ ಬೆಲೆ ಬರುವುದಿಲ್ಲ. ಆಟಗಾರನನ್ನು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳುವ ಫ್ರಾಂಚೈಸ್ ಟ್ಯಾಗ್ ಒಪ್ಪಂದ ಮುಗಿದವರಿಗೆ ಮಾತ್ರ, ಇಲ್ಲಿ ಅದರ ಮಾತೇ ಬರುವುದಿಲ್ಲ.

ತಂಡದ ಕಡೆಯಿಂದ ನೋಡಿದರೂ ಉಳಿತಾಯ ಪೂರ್ತಿ 14.5 ಇರುವುದಿಲ್ಲ. ಸೀಸನ್ ಇಲ್ಲದ ತಿಂಗಳುಗಳಲ್ಲಿ ತಂಡದಲ್ಲಿ 90 ಜನರವರೆಗೆ ಇರಬಹುದು, ಲೆಕ್ಕಕ್ಕೆ ಬರುವುದು ಅತಿ ಹೆಚ್ಚು ಸಂಬಳದ 51 ಜನ ಮತ್ತು ಡೆಡ್ ಮನಿ. ಒಬ್ಬರು ಹೋದರೆ 52ನೆಯವರು ಒಳಗೆ ಬರುತ್ತಾರೆ. 2024ರಲ್ಲಿ ಹೊಸಬರ ಕನಿಷ್ಠ ಸಂಬಳವೇ 7,95,000 ಡಾಲರ್. ಜೊತೆಗೆ ಆ ಜಾಗದಲ್ಲಿ ಯಾರಾದರೂ ಆಡಬೇಕಲ್ಲ, ಅವರಿಗೂ ಕೊಡಬೇಕು.

ಬಿಡುವುದೇ ಆದರೆ ಮಾರ್ಚ್‌ನಲ್ಲಿ ಬಿಡಲಿ ಅಂತ ನಾವೇ ಕೇಳಿಕೊಳ್ಳುತ್ತೇವೆ. ಇದು ಅಭಿಮಾನಿಗಳಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಒಪ್ಪಂದದಲ್ಲಿ ಲೀಗ್ ವರ್ಷದ ಮೂರನೇ ದಿನ, ಐದನೇ ದಿನ ಅಂತೆಲ್ಲ ಗ್ಯಾರಂಟಿಯೋ ಬೋನಸ್ಸೋ ಇಡಿಸುವುದು ನಮ್ಮ ಕಡೆಯವರೇ. ತಂಡ ಆಗಲೇ ತೀರ್ಮಾನ ಮಾಡಬೇಕು, ಆಟಗಾರನನ್ನು ಬೇಸಿಗೆಯುದ್ದಕ್ಕೂ ಕಾಯಿಸಬಾರದು. ಹಿಂದೊಮ್ಮೆ ನಾನು ಲೆಕ್ಕ ನೋಡುತ್ತಿದ್ದ ಆಟಗಾರನೊಬ್ಬನ ಒಪ್ಪಂದದಲ್ಲಿ ಆ ತಾರೀಕು ಇರಲಿಲ್ಲ. ತಂಡ ಅವನನ್ನು ಆಗಸ್ಟ್ ಕೊನೆವರೆಗೆ ಇಟ್ಟುಕೊಂಡು, 53 ಜನಕ್ಕೆ ಇಳಿಸುವ ದಿನ ಬಿಟ್ಟಿತು. ಅಷ್ಟು ಹೊತ್ತಿಗೆ ಎಲ್ಲ ತಂಡಗಳ ದುಡ್ಡೂ ಮುಗಿದಿತ್ತು. ಮಾರ್ಚ್‌ನಲ್ಲಾಗಿದ್ದರೆ ಎರಡು ವರ್ಷದ ಒಪ್ಪಂದ ಸಿಗುತ್ತಿದ್ದವನು ಕನಿಷ್ಠ ಸಂಬಳಕ್ಕೆ ಹೋದ. ಆ ಸಾಲು ಇಡಿಸದೆ ಹೋದದ್ದು ಇವತ್ತಿಗೂ ನನಗೆ ಬೇಸರ.

ಸಿಮನ್ಸ್ ಮಾರ್ಚ್ ಮೊದಲ ವಾರದಲ್ಲೇ ಹೊರಬಂದರು. ಆ ವರ್ಷ ಸೇಫ್ಟಿ ಆಟಗಾರರ ಮಾರುಕಟ್ಟೆ ಸೊರಗಿತ್ತು. ಹಾಗಾಗಿ ಅವರಿಗೆ ಅಟ್ಲಾಂಟಾ ಸಿಕ್ಕಿದ್ದು ಆಗಸ್ಟ್‌ನಲ್ಲಿ, ಅದೂ ಒಂದೇ ವರ್ಷಕ್ಕೆ.

ತಂಡ ಸರಿ ಮಾಡಿತಾ ಅಂತ ಕೇಳಿದರೆ, ಸಿಮನ್ಸ್ ವಿಷಯದಲ್ಲಿ ಲೆಕ್ಕ ಸರಿ ಅಂತಲೇ ಹೇಳುತ್ತೇನೆ. ತಪ್ಪಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಹಳೆಯ ಒಪ್ಪಂದದಲ್ಲೇ ಇನ್ನೂ ಎರಡು ವರ್ಷ ಬಾಕಿ ಇರುವ 33 ವರ್ಷದ ಕ್ವಾರ್ಟರ್‌ಬ್ಯಾಕ್‌ಗೆ, ತಮ್ಮ ಕೋಚ್ ಜೊತೆ ಹೊಂದುತ್ತಾರಾ ಅಂತ ನೋಡುವ ಮೊದಲೇ ಅಷ್ಟು ದೊಡ್ಡ ಗ್ಯಾರಂಟಿ ಕೊಡಬೇಕಿರಲಿಲ್ಲ. ಒಂದು ಸೀಸನ್ ಕಾಯಬಹುದಿತ್ತು.

ಬೇಗ ಸಹಿ ಹಾಕಿಸುವುದೇ ತಪ್ಪು ಅಂತಲ್ಲ. ಅದೇ ಡೆನ್ವರ್ 2024ರ ಸೆಪ್ಟೆಂಬರ್‌ನಲ್ಲಿ ಪ್ಯಾಟ್ ಸರ್ಟೇನ್ ಅವರಿಗೆ ನಾಲ್ಕು ವರ್ಷಕ್ಕೆ 96 ಮಿಲಿಯನ್ ಕೊಟ್ಟಿತು, ವರ್ಷಕ್ಕೆ 24. ಡೆಡ್ ಮನಿ ತುಂಬಿದ್ದ ವರ್ಷದಲ್ಲೇ! ಆಗ ಅದು ಕಾರ್ನರ್‌ಬ್ಯಾಕ್‌ಗಳಲ್ಲಿ (ಎದುರಾಳಿಯ ಪಾಸ್ ತಡೆಯುವವರಲ್ಲಿ) ದಾಖಲೆ, ತುಂಬಾ ಜಾಸ್ತಿ ಅಂದವರೂ ಇದ್ದರು. ಆರು ತಿಂಗಳಲ್ಲಿ ಹ್ಯೂಸ್ಟನ್‌ನ ಡೆರೆಕ್ ಸ್ಟಿಂಗ್ಲಿ ವರ್ಷಕ್ಕೆ 30ಕ್ಕೆ ಸಹಿ ಹಾಕಿದರು. ಸರ್ಟೇನ್ ಡೆನ್ವರ್‌ನವರೇ ಡ್ರಾಫ್ಟ್ ಮಾಡಿದ ಆಟಗಾರ, ಮೂರು ವರ್ಷ ಕಣ್ಣ ಮುಂದೆ ಆಡಿದ್ದರು, ವಯಸ್ಸು 24. ಕೊನೆಯ ಕಂತು ಬರುವಾಗಲೂ ಅವರು ಮೂವತ್ತರ ಒಳಗೇ ಇರುತ್ತಾರೆ.

ಮುಂದಿನ ಮಾರ್ಚ್‌ನಲ್ಲಿ ಮಗನ ಜೊತೆ ಕೂತು ಒಂದು ಕೆಲಸ ಮಾಡಿ. ತಂಡದ ಒಪ್ಪಂದಗಳ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಒಟ್ಟು ಮೊತ್ತ ಬಿಡಿ, ಅದು ಸುದ್ದಿಗಾಗಿ ಇರುವ ಸಂಖ್ಯೆ. ಗ್ಯಾರಂಟಿ ಯಾವ ವರ್ಷ ಮುಗಿಯುತ್ತದೆ ನೋಡಿ. ಆ ವರ್ಷ ಬಿಟ್ಟರೆ ಎಷ್ಟು ಉಳಿಯುತ್ತದೆ, ಎಷ್ಟು ಡೆಡ್ ಮನಿ ಬೀಳುತ್ತದೆ ನೋಡಿ. ಪಕ್ಕದಲ್ಲಿ ವಯಸ್ಸು ಬರೆದುಕೊಳ್ಳಿ. ಉಳಿಯುವುದು ಜಾಸ್ತಿ, ಬೀಳುವುದು ಕಡಿಮೆ, ವಯಸ್ಸು ಮೂವತ್ತರ ಹತ್ತಿರ ಅಂತಾದರೆ ಆ ಹೆಸರಿನ ಮುಂದೆ ಒಂದು ಗುರುತು ಹಾಕಿ. ಸಿಮನ್ಸ್ ಹೆಸರಿಗೆ ಈ ಗುರುತು 2024ರ ಜನವರಿಯಲ್ಲೇ ಬೀಳುತ್ತಿತ್ತು. ಮಗನಿಗೆ ಆ 18.25ನ್ನು 14.5 ಮತ್ತು 3.75 ಅಂತ ಬಿಡಿಸಿ ತೋರಿಸಿ, ಹನ್ನೆರಡು ವರ್ಷದವನಿಗೆ ಅರ್ಥವಾಗುವ ಲೆಕ್ಕವೇ. ಅವರು ಆಡಿದ ಎಂಟು ಸೀಸನ್‌ಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ ಅಂತಲೂ ಹೇಳಿ. ಜೆರ್ಸಿ ಇನ್ನೂ ಅಳತೆಗೆ ಸರಿ ಬಂದರೆ ಹಾಕಿಕೊಳ್ಳಲಿ.